ಸಮತಲದ ಮುಖ ಯಾವ ಕಡೆಗೆ?

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸುತ್ತಿನ ಕನ್ನಡ ಮನೆತನಗಳ ಮಕ್ಕಳಲ್ಲಿ ಅನೇಕರು ಶಾಲೆ ಮುಗಿದ ಬಳಿಕ ಎರಕದ ಕಾರಖಾನೆಗಳ ಕಡೆಗೂ ಮಗ್ಗದ ಬಿಡಿಭಾಗ ತಯಾರಿಸುವ ಯಂತ್ರಶಾಲೆಗಳ ಕಡೆಗೂ ಹೋಗುವರು. ಅಲ್ಲಿ ಇಂದು ನಕ್ಷೆಯ ಕೆಲಸವು ಗಣಕಯಂತ್ರಕ್ಕೆ ಬಂದಿದೆ. ಮೂರು ಆಯಾಮದ ಆಕೃತಿ ರಚಿಸುವ ತಂತ್ರಾಂಶವು ಸಾಮಾನ್ಯವಾಗಿ ಮೊದಲಿಗೆ ಕೇಳುವ ಪ್ರಶ್ನೆ ಒಂದೇ: ಯಾವ ಸಮತಲದ ಮೇಲೆ ರೇಖಿಸಬೇಕು? ವಿದ್ಯಾರ್ಥಿ ಎಡವುವುದೂ ಇಲ್ಲಿಯೇ.

ಎಡವಲು ಅರ್ಧ ಕಾರಣ ಶಬ್ದದಲ್ಲಿದೆ. ಕನ್ನಡ ಭೂಮಿತಿಯ ‘ಸಮತಲ’ಕ್ಕೆ ಮರಾಠಿ ಭೂಮಿತಿಯಲ್ಲಿ ‘ಪ್ರತಲ’ವೆಂಬ ಹೆಸರಿದೆ, ಮರಾಠಿ ಮಾತಿನಲ್ಲಿ ‘ಸಮತಲ’ವೆಂದರೆ ಮಟ್ಟಸವಾದ ನೆಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಬಾಲಕನಿಗೆ ಸಮತಲವೆಂದೊಡನೆ ರಾಶಿ ಮಾಡುವ ಕಣವೇ ಕಣ್ಣಿಗೆ ಕಟ್ಟುತ್ತದೆ. ಆದರೆ ಭೂಮಿತಿಯ ‘ಸಮ’ವು ಉಬ್ಬುತಗ್ಗು ಇಲ್ಲವೆಂದಷ್ಟೇ ಹೇಳುತ್ತದೆ, ಓರೆಯಿಲ್ಲವೆಂದು ಹೇಳುವುದಿಲ್ಲ. ನೆಲದಂತೆಯೇ ನೆಟ್ಟಗೆ ನಿಂತ ಗೋಡೆಯೂ ಹಂಚಿನ ಮನೆಯ ಇಳಿಜಾರೂ ಸಮತಲಗಳೇ.

ಹಾಗಾದರೆ ಸಮತಲದ ಓರೆಯನ್ನು ಹೇಳುವುದು ಹೇಗೆ? ಒಂದು ರಟ್ಟಿನ ಮೇಲೆ ಪೆನ್ಸಿಲನ್ನು ಲಂಬವಾಗಿ ನಿಲ್ಲಿಸಿರಿ. ರಟ್ಟನ್ನು ಹೇಗೆ ಓರೆ ಮಾಡಿದರೂ ಪೆನ್ಸಿಲು ಅದರೊಡನೆ ಬಾಗುವುದು. ಈ ಪೆನ್ಸಿಲೇ ಅಭಿಲಂಬ. ರಟ್ಟಿನ ಮುಖ ಯಾವ ಕಡೆಗಿದೆ ಎಂಬುದನ್ನು ಅಭಿಲಂಬವೂ, ರಟ್ಟು ಎಲ್ಲಿದೆ ಎಂಬುದನ್ನು ಅದರ ಮೇಲಿನ ಒಂದು ಬಿಂದುವೂ ತಿಳಿಸುತ್ತವೆ. ನೆಲದ ಅಭಿಲಂಬ (0, 0, 1). ಎಕ್ಸ್ ಅಕ್ಷವನ್ನೇ ತಿರುಗಣಿ ಮಾಡಿ ಆ ಸಮತಲವನ್ನು 30 ಡಿಗ್ರಿ ಎತ್ತಿದರೆ ಅಭಿಲಂಬವು (0, −0.5, 0.866) ಆಗುವುದು. ಸಮತಲವನ್ನು ಓರೆ ಮಾಡದೆ ಬರಿದೆ ಮೇಲಕ್ಕೋ ಕೆಳಕ್ಕೋ ಸರಿಸಿದರೆ ಈ ಅಂಕಿಗಳು ಬದಲಾಗುವುದಿಲ್ಲ.

ಎರಡನೆಯ ಮಾರ್ಗ ಮೂರು ಬಿಂದುಗಳದು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದು. ಒಂದೇ ರೇಖೆಯಲ್ಲಿರದ ಮೂರು ಬಿಂದುಗಳ ಮೂಲಕ ಒಂದೇ ಸಮತಲ ಹಾಯುವುದೇ ಅದರ ಕಾರಣ. ಆಟೋಕ್ಯಾಡ್ ತಂತ್ರಾಂಶದಲ್ಲಿ ಮೊದಲನೆಯ ಬಿಂದು ಮೂಲಸ್ಥಾನವನ್ನೂ, ಎರಡನೆಯದು ಎಕ್ಸ್ ಅಕ್ಷದ ದಿಕ್ಕನ್ನೂ, ಮೂರನೆಯದು ವೈ ಅಕ್ಷ ಯಾವ ಬದಿಗೆಂಬುದನ್ನೂ ಗೊತ್ತುಮಾಡುತ್ತವೆ. ಎರಡನೆಯ ಬಿಂದುವಿನ ಮಹತ್ವವನ್ನು ಮರೆಯಬಾರದು. ಸಮತಲವು ಸರಿಯಾಗಿದ್ದರೂ ಎಕ್ಸ್ ದಿಕ್ಕು ತಪ್ಪಿದರೆ ಅದರ ಮೇಲೆ ಬರೆದ ಅಕ್ಷರಗಳು ತಲೆಕೆಳಗಾದಾವು.

ಇನ್ನು ಪ್ರತಿಯೊಂದು ಸಮತಲಕ್ಕೂ ಎರಡು ಮುಖಗಳು. ಅಭಿಲಂಬದ ಅಂಕಿಗಳ ಚಿಹ್ನೆಗಳನ್ನೆಲ್ಲ ತಿರುವಿದರೆ ಸಮತಲ ಅದೇ ಉಳಿದು ಮುಖ ಮಾತ್ರ ಆಚೆಗಾಗುತ್ತದೆ. ಇದು ಬರಿಯ ಶಾಸ್ತ್ರದ ಮಾತಲ್ಲ. ಕೊಲ್ಹಾಪುರದ ಎರಕದ ಕೆಲಸವನ್ನೇ ನೋಡಿರಿ. ಮರಳಿನಲ್ಲಿ ಒತ್ತಿದ ಪ್ಯಾಟರ್ನನ್ನು ಮರಳು ಹರಿಯದಂತೆ ಹೊರತೆಗೆಯಬೇಕು. ಅದಕ್ಕಾಗಿ ಅದರ ಪಕ್ಕದ ಮುಖಗಳನ್ನು ನೆಟ್ಟಗೆ ಇಡದೆ, ಸಾಮಾನ್ಯವಾಗಿ ಒಂದೆರಡು ಡಿಗ್ರಿ ಓರೆ ಇಡುವರು. ಇದಕ್ಕೆ ಡ್ರಾಫ್ಟ್ ಎನ್ನುವರು. ಅಚ್ಚಿನ ಎರಡು ಪೆಟ್ಟಿಗೆಗಳು ಕೂಡುವ ಸಮತಲದಿಂದ, ಪ್ಯಾಟರ್ನು ಹೊರಬರುವ ದಿಕ್ಕಿಗೆ ಈ ಓರೆಯನ್ನು ಲೆಕ್ಕಿಸಬೇಕು. ದಿಕ್ಕು ತಿರುವುಮುರುವಾದರೆ ಪ್ಯಾಟರ್ನು ಒಳಗೆ ಅಗಲವಾಗಿ, ಬಾಯಲ್ಲಿ ಕಿರಿದಾಗಿ ಅಚ್ಚನ್ನೇ ಕಿತ್ತುಕೊಂಡು ಬರುವುದು. ಪರದೆಯ ಮೇಲೆ ಒಂದು ಬಾಣ ತಿರುಗಿದುದರ ಫಲವಾಗಿ ಮರಳು, ಕೂಲಿ, ಹೊತ್ತು ಎಲ್ಲವೂ ನಷ್ಟ.

ಈ ವಿದ್ಯೆ ತೀರ ಹೊಸದಲ್ಲ. ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್ (1746–1818) ಒಂದಕ್ಕೊಂದು ಲಂಬವಾದ ಎರಡು ಸಮತಲಗಳ ಮೇಲೆ ಘನಾಕೃತಿಯ ಚಿತ್ರಗಳನ್ನು ಇಳಿಸಿ, ಒಂದನ್ನು ಮಡಿಸಿ ಕಾಗದದ ಮಟ್ಟಕ್ಕೆ ತರುವ ಕ್ರಮವನ್ನು ಶಾಸ್ತ್ರಬದ್ಧಗೊಳಿಸಿದನು. ಕಾಗದಕ್ಕೆ ಬದಲಾಗಿ ಪರದೆ ಬಂದಿದೆ. ಮನಸ್ಸಿನಲ್ಲಿ ಸಮತಲವನ್ನು ತಿರುಗಿಸುವ ಶ್ರಮ ತಪ್ಪಿಲ್ಲ.

ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ಪಾಠಕ್ಕೆ ಗಣಕಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ತರಗತಿಯ ಮೂಲೆಯಲ್ಲಿ ನೆಲವೂ ಎರಡು ಗೋಡೆಗಳೂ ಕೂಡಿ ಮೂರು ಸಮತಲಗಳು ಸಿದ್ಧವಾಗಿಯೇ ಇವೆ. ಒಂದು ರಟ್ಟು, ಒಂದು ಪೆನ್ಸಿಲು ಸಾಕು. ‘ಸಮತಲ’ವನ್ನು ಕಲಿಸುವ ದಿನವೇ ‘ಪ್ರತಲ’ವನ್ನೂ ಹೇಳಿ, ಓರೆಯಾದ ಸಮತಲವೊಂದನ್ನು ತೋರಿಸೋಣ. ನಮ್ಮ ಗಡಿಭಾಗದ ಮಕ್ಕಳಿಗೆ ಒಂದು ಅರ್ಥಕ್ಕೆ ಎರಡು ಶಬ್ದಗಳಿರುವುದು ಸಂಪತ್ತು. ಒಂದು ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ಬಿಡಿಸಿ ಹೇಳದಿದ್ದರೆ ಮಾತ್ರ ಅದು ತೊಡಕು. ಬಿಡಿಸಿ ಹೇಳುವ ಕೆಲಸ ನಮ್ಮದು.