ಮಳೆ ಕೊಡಗಿನಲ್ಲಿ, ಭತ್ತ ಮಂಡ್ಯದಲ್ಲಿ

ಸಿಂಗಪುರದಲ್ಲಿ ಬೆಳೆಯುತ್ತಿರುವ ನಿಮ್ಮ ಮಗುವಿಗೆ ಈ ವಾರ ಒಂದು ಒಗಟು ಹೇಳಿ. ಇಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ ಬೀಳುತ್ತದೆ. ಮಂಡ್ಯದಲ್ಲಿ ಬೀಳುವುದು ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗ. ಆದರೂ ಮಂಡ್ಯದವರು ಭತ್ತ, ಕಬ್ಬು ಬೆಳೆಯುತ್ತಾರೆ. ಹೇಗೆ?

ಒಗಟು ಯಾಕೆಂದರೆ, ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳು ಎರಡನೇ ಭಾಷೆಯಾಗಿ ಸಾಮಾನ್ಯವಾಗಿ ತಮಿಳನ್ನೋ ಹಿಂದಿಯನ್ನೋ ಓದುತ್ತಾರೆ. ಕನ್ನಡಕ್ಕೆ ಮನೆಯೇ ಶಾಲೆ. ಮನೆಯ ಕನ್ನಡವೋ ‘ಬಾ, ಊಟ ಮಾಡು, ಮಲಗು’ ಎನ್ನುವಷ್ಟರಲ್ಲೇ ಮುಗಿದುಹೋಗುತ್ತದೆ. ಕಾರಣ ಕೊಟ್ಟು ವಿವರಿಸಬೇಕಾದಾಗ ಮಗು ಇಂಗ್ಲಿಷಿಗೆ ಹೊರಳುತ್ತದೆ. ಪ್ರಯೋಗಾಲಯದಲ್ಲಿ ದಿನವಿಡೀ ‘ಯಾಕೆ?’ ಎಂದು ಕೇಳುತ್ತಲೇ ಇರುವ ನನಗೆ ಅನಿಸುವುದು ಇಷ್ಟು: ಕಾರಣ ಹೇಳಲು ಬಾರದ ಭಾಷೆ ಮಗುವಿನ ಜೊತೆ ಬೆಳೆಯುವುದಿಲ್ಲ.

ಒಗಟಿನ ಉತ್ತರ ಕಾವೇರಿ. ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದ ಕಡೆಯಿಂದ ಬಂದು, ಸಹ್ಯಾದ್ರಿ ಅಡ್ಡ ಸಿಕ್ಕಾಗ ಮೇಲೇರಿ, ತಣ್ಣಗಾಗಿ ಮಳೆ ಸುರಿಸುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟ ದಾಟುವ ಹೊತ್ತಿಗೆ ಗಾಳಿಯಲ್ಲಿ ತೇವ ಕಡಿಮೆಯಾಗಿರುತ್ತದೆ. ಮಂಡ್ಯ ಇರುವುದು ಈ ಮಳೆನೆರಳಿನಲ್ಲಿ. ಮೋಡ ತಲುಪಿಸದ ನೀರನ್ನು ಅಲ್ಲಿಗೆ ನದಿ ತಲುಪಿಸುತ್ತದೆ. ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಕೊಡಗು ದಾಟಿ ಕನ್ನಂಬಾಡಿ ಕಟ್ಟೆಗೆ ಬರುತ್ತದೆ. ಹೇಮಾವತಿ, ಲಕ್ಷ್ಮಣತೀರ್ಥಗಳೂ ಅಲ್ಲೇ ಸೇರುತ್ತವೆ. 1911ರಲ್ಲಿ ಕೆಲಸ ಶುರುವಾದ ಈ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಗದ್ದೆಗಳಿಗೆ ನೀರುಣಿಸುತ್ತದೆ.

ನಾಲ್ಕೈದು ವರ್ಷದ ಮಗುವಿಗೆ ಇದರಲ್ಲಿನ ಕ್ರಿಯಾಪದಗಳೇ ಸಾಕು: ಹುಟ್ಟು, ಹರಿ, ಸೇರು, ತುಂಬು. ಒಂದು ನೀಲಿ ದುಪ್ಪಟ್ಟಾ ನೆಲಕ್ಕೆ ಹಾಸಿ, ಮಗುವೇ ನದಿಯಾಗಿ ನಡೆಯಲಿ. ಏಳೆಂಟು ವರ್ಷದವರಿಗೆ ‘ಮಳೆ ಬಂದರೆ’, ‘ಬರದಿದ್ದರೆ’ ಹೇಳಿಸಿ. “ಕೊಡಗಿನಲ್ಲಿ ಮಳೆ ಬಂದರೆ ಮಂಡ್ಯದಲ್ಲಿ ಭತ್ತ ಬೆಳೆಯುತ್ತದೆ.” ಮುಂದಿನ ವಾಕ್ಯವನ್ನು ಮಗುವೇ ಕಟ್ಟಲಿ.

ಹತ್ತು ದಾಟಿದವರಿಗೆ ಕಷ್ಟದ ಪ್ರಶ್ನೆಯನ್ನೇ ಕೊಡಿ. ಇದೇ ನದಿ ಕೆಳಗೆ ತಂಜಾವೂರಿನ ಗದ್ದೆಗಳಿಗೂ ನೀರುಣಿಸುತ್ತದೆ. ತರಗತಿಯಲ್ಲಿ ಪಕ್ಕ ಕೂರುವ ತಮಿಳು ಗೆಳೆಯನ ಅಜ್ಜಿಯ ಊರು ಅಲ್ಲೇ ಇರಬಹುದು. ಮಳೆ ಕೈಕೊಟ್ಟ ವರ್ಷ ನೀರನ್ನು ಹೇಗೆ ಹಂಚಬೇಕು? ಸಿಂಗಪುರದಲ್ಲಿ ಮಳೆ ಧಾರಾಳ, ಹಿಡಿದಿಡಲು ಜಾಗ ಕಡಿಮೆ. ಹಾಗಾಗಿ 1962ರ ಒಪ್ಪಂದದಂತೆ ಗಡಿಯಾಚೆಯ ಜೋಹೋರ್ ನದಿಯಿಂದಲೂ ನೀರು ತರುತ್ತದೆ. ಆ ಒಪ್ಪಂದ 2061ರವರೆಗೆ. ನಮ್ಮ ಮಕ್ಕಳು ಕುಡಿಯುವ ನೀರಿನ ಹಿಂದೆಯೂ ಹಂಚಿಕೆಯ ಮಾತಿದೆ. ಅವರು ವಾದಿಸಲಿ, ನೀವು ತೀರ್ಪು ಕೊಡಬೇಡಿ. ಮಾತು ಇಂಗ್ಲಿಷಿಗೆ ಜಾರಿದರೆ ಬೇಕಾದ ಕನ್ನಡ ಪದವೊಂದನ್ನು ಕೊಟ್ಟು ಸುಮ್ಮನಾಗಿ.

ಮುಂಗಾರಿನ ತಿಂಗಳುಗಳಲ್ಲಿ ಕಟ್ಟೆಯ ನೀರಿನ ಮಟ್ಟ ಊರಿನ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ತುಂಬಿದರೆ 124.80 ಅಡಿ. ವಾರಕ್ಕೊಮ್ಮೆ ಮಗುವೇ ಅಜ್ಜನಿಗೆ ಫೋನ್ ಮಾಡಿ “ತಾತ, ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ?” ಎಂದು ಕೇಳಲಿ, ಫ್ರಿಜ್ ಮೇಲೆ ಅಂಟಿಸಿದ ಹಾಳೆಯಲ್ಲಿ ಗೆರೆ ಎಳೆಯಲಿ. “ಊಟ ಆಯ್ತಾ?” ಆದಮೇಲೆ ಮಾತಿಲ್ಲದೆ ಕೂರುವ ಅಜ್ಜ-ಮೊಮ್ಮಕ್ಕಳಿಗೆ ಮಾತಾಡಲು ಒಂದು ವಿಷಯ ಸಿಕ್ಕೀತು.