ಸಾಗರತಲದ ಒರಟು ನುಣುಪುಗಳು

ಆಳ ಸಾಗರದ ತಲವು ಕೆಸರು ಹಾಸಿದ ಸಮತಟ್ಟಾದ ಬಯಲೆಂಬ ಭಾವನೆ ಬಹುಕಾಲ ಪ್ರಚಲಿತವಾಗಿದ್ದಿತು. ವಾಸ್ತವವಾಗಿ ಅದರ ಬಹುಭಾಗವನ್ನು ಸಮಾನಾಂತರವಾದ ಗುಡ್ಡಗಳ ಸಾಲುಗಳು ಆವರಿಸಿವೆ. ಇವುಗಳ ಉತ್ಪತ್ತಿ ಹೇಗೆ?

1962ರಲ್ಲಿ ಹ್ಯಾರಿ ಹೆಸ್ ಎಂಬ ಪಂಡಿತನು ಪ್ರತಿಪಾದಿಸಿದಂತೆ, ಸಾಗರಮಧ್ಯದ ಪರ್ವತಶ್ರೇಣಿಗಳಲ್ಲಿ ಭೂಗರ್ಭದಿಂದ ದ್ರವ್ಯವು ಮೇಲೇರಿ ಹೊಸ ತಲವಾಗುತ್ತದೆ. ಹಳೆಯ ತಲವು ಇಕ್ಕೆಲಗಳಿಗೆ ಸರಿಯುತ್ತದೆ. ಈ ಸರಿಯುವಿಕೆಯ ವೇಗವೇ ತಲದ ಸ್ವರೂಪವನ್ನು ನಿರ್ಣಯಿಸತಕ್ಕ ಮುಖ್ಯ ಕಾರಣ.

ಅಟ್ಲಾಂಟಿಕ್ ಸಾಗರದ ಮಧ್ಯಶ್ರೇಣಿಯಲ್ಲಿ ಆ ವೇಗವು ವರ್ಷಕ್ಕೆ ಸುಮಾರು 2.5 ಸೆಂಟಿಮೀಟರು. ಅಲ್ಲಿ ಶಿಲಾರಸವು ಅಲ್ಪ. ತಲವು ತಣಿದು ದಪ್ಪವಾಗಿರುವುದರಿಂದ ಎಳೆತಕ್ಕೆ ಸಿಕ್ಕಿ ಆಳವಾಗಿ ಬಿರಿಯುತ್ತದೆ. ಬಿರುಕಿನ ಒಂದು ಪಕ್ಕ ಕುಸಿದು, ಶ್ರೇಣಿಯ ನಡುವೆ 1ರಿಂದ 3 ಕಿಲೋಮೀಟರು ಆಳದ ಕಣಿವೆಯೂ ಪಾರ್ಶ್ವಗಳಲ್ಲಿ ಒರಟಾದ ಗುಡ್ಡಗಳೂ ಉಂಟಾಗುತ್ತವೆ. ಪೂರ್ವ ಪೆಸಿಫಿಕ್ ಶ್ರೇಣಿಯಲ್ಲಾದರೋ ಕೆಲವೆಡೆ ವೇಗವು ಸುಮಾರು 15 ಸೆಂಟಿಮೀಟರು. ಅಲ್ಲಿ ಶಿಲಾರಸವು ಸಮೃದ್ಧ. ಕಾದ ತೆಳುತಲದಲ್ಲಿ ದೊಡ್ಡ ಬಿರುಕುಗಳು ಬೆಳೆಯಲಾರವು. ಆದುದರಿಂದ ಕಣಿವೆಗೆ ಬದಲಾಗಿ ದಿಣ್ಣೆಯೂ, ಪಾರ್ಶ್ವಗಳಲ್ಲಿ ಕಿರುಗುಡ್ಡಗಳೂ ಕಾಣುತ್ತವೆ.

ಈ ಭೇದವು ಭೂವಿಜ್ಞಾನಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಉಬ್ಬರವಿಳಿತದ ನೀರು ಒರಟು ತಲವನ್ನು ಹಾಯುವಾಗ ಸಾಗರದ ಒಳಗೇ ಅಲೆಗಳೆದ್ದು, ಆಳದ ತಣ್ಣೀರು ಮೇಲಿನ ನೀರಿನೊಡನೆ ಬೆರೆಯುತ್ತದೆ. ದಕ್ಷಿಣ ಅಟ್ಲಾಂಟಿಕಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಹೂಳು ಮುಚ್ಚಿದ ನುಣುಪು ತಲದ ಮೇಲಿನದಕ್ಕಿಂತ ಮಧ್ಯಶ್ರೇಣಿಯ ಒರಟು ಪಾರ್ಶ್ವದ ಮೇಲೆ ಈ ಬೆರಕೆ ಬಹಳ ಹೆಚ್ಚೆಂದು ಕಂಡುಬಂದಿತು. ಸಾಗರವು ಉಷ್ಣವನ್ನು ಆಳಕ್ಕೆ ಹಂಚುವ ಬಗೆ ಈ ಬೆರಕೆಯನ್ನು ಅವಲಂಬಿಸಿದೆ. ಕೋಟ್ಯಂತರ ವರ್ಷಗಳ ಹಿಂದೆ ನೆಲವು ಸರಿದ ವೇಗವು ಇಂದಿನ ನೀರಿನ ಚಲನೆಯಲ್ಲಿಯೂ ಹೀಗೆ ಫಲಿಸುತ್ತಿದೆ.