ರೊಪ್ಪದ ಬೇಲಿಯಾಚೆ ಜಗತ್ತಿನ ಹಳೆಯ ತೋಳ!

ನಂಬುತ್ತೀರೋ ಬಿಡುತ್ತೀರೋ, ಭೂಮಿಯ ಮೇಲೆ ಇವತ್ತು ಉಸಿರಾಡುತ್ತಿರುವ ತೋಳಗಳಲ್ಲಿ ಅತಿ ಹಳೆಯ ಕವಲಿನದು ಸೈಬೀರಿಯದ ಹಿಮದಲ್ಲಾಗಲಿ ಅಲಾಸ್ಕದ ಕಾಡಿನಲ್ಲಾಗಲಿ ಇಲ್ಲದೇ ಇರಬಹುದು. ಅದು ಕಡ್ಲೆಕಾಯಿ ಹೊಲದ ಬದುವಿನ ಮೇಲೆ, ಬಳ್ಳಾರಿ ಜಾಲಿಯ ಮರೆಯಲ್ಲಿ, ಕುರಿಮಂದೆಯ ಹಿಂದೆಯೇ ಸಪ್ಪಳವಿಲ್ಲದೆ ನಡೆಯುತ್ತಿರಬಹುದು! 2021ರಲ್ಲಿ ಲಾರೆನ್ ಹೆನ್ನೆಲಿ ಮತ್ತು ಸಂಗಡಿಗರು ಭಾರತದ ತೋಳಗಳ ಇಡೀ ಜೀನೋಮ್ ಓದಿ, ಬೇರೆ ದೇಶಗಳ ತೋಳಗಳ ಜೊತೆ ಹೋಲಿಸಿ ನೋಡಿದರು. ಯುರೋಪು, ಅಮೆರಿಕದ ತೋಳಗಳಿಂದ ನಮ್ಮ ಬಯಲು ತೋಳ ಬಹಳ ಹಿಂದೆಯೇ ಕವಲೊಡೆದಿದೆ, ಬದುಕಿ ಉಳಿದ ತೋಳ ವಂಶಗಳಲ್ಲಿ ಇದೇ ಅತ್ಯಂತ ಪುರಾತನದ್ದಿರಬಹುದು ಎಂಬ ತೀರ್ಮಾನಕ್ಕೆ ಬಂದರು.

ಆ ಪುರಾತನ ವಂಶದ ಮನೆ ಯಾವುದು? ಅನಂತಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಒಂದಕ್ಕೊಂದು ಒರಗಿ ನಿಂತ ಒಣಬಯಲು ಅದರ ನೆಲೆಗಳಲ್ಲಿ ಒಂದು. ಮಡಕಶಿರಾ ಸೀಮೆಯ ರೊಳ್ಳ ಮಂಡಲದಲ್ಲಿ ರತ್ನಗಿರಿಯ ಕೋಟೆಗುಡ್ಡ ನಿಂತಿರುವುದೂ ಇದೇ ಬಯಲಿನಲ್ಲಿ. 2022ರ ಏಪ್ರಿಲ್‌ನಿಂದ ಈ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಾಗದದಲ್ಲಿ ಆಂಧ್ರ, ಮಾತಿನಲ್ಲಿ ಕನ್ನಡ. ತೋಳಕ್ಕೆ ಎರಡೂ ಲೆಕ್ಕಕ್ಕಿಲ್ಲ. ಒಂದೇ ರಾತ್ರಿಯಲ್ಲಿ ಇಪ್ಪತ್ತು ಕಿಲೋಮೀಟರ್ ನಡೆಯಬಲ್ಲ ಪ್ರಾಣಿಗೆ ಶಿರಾ ಎಷ್ಟು ದೂರ, ಪಾವಗಡ ಎಷ್ಟು ದೂರ?

ಕಂಡರೂ ಅದು ತೋಳ ಎಂದು ಗುರುತು ಹತ್ತುವುದು ಕಷ್ಟ. ಇಪ್ಪತ್ತು ಕಿಲೋ ಆಸುಪಾಸಿನ ಸಪೂರ ಮೈ, ಉದ್ದ ಕಾಲು, ಒಣಹುಲ್ಲಿನ ಬಣ್ಣ. ಹಗಲಲ್ಲಿ ದೂರದಿಂದ ನೋಡಿದವರು ಯಾರದೋ ನಾಯಿ ಎಂದುಕೊಂಡು ಸುಮ್ಮನಾಗುತ್ತಾರೆ. ದೇಶದಲ್ಲಿ ಉಳಿದಿರುವುದು ಸುಮಾರು ಮೂರು ಸಾವಿರ ಎಂಬ ಅಂದಾಜಿದೆ. ಹುಲಿಯ ಲೆಕ್ಕ 2022ರ ಅಂದಾಜಿನಲ್ಲಿ 3,682. ಹುಲಿಗೆ ಅಭಯಾರಣ್ಯಗಳ ಸಾಲೇ ಇದೆ. ತೋಳಕ್ಕೆ ಇರುವುದು ಬೆರಳೆಣಿಕೆಯವು: 1974ರಲ್ಲಿ ಘೋಷಣೆಯಾದ ನಮ್ಮ ಮೇಲುಕೋಟೆ, 1976ರ ಜಾರ್ಖಂಡಿನ ಮಹುವಾಡಾಂಡ್, ಈಚಿನದು ಕೊಪ್ಪಳ ಜಿಲ್ಲೆಯ ಬಂಕಾಪುರ. ಉಳಿದ ತೋಳಗಳೆಲ್ಲ ಬದುಕುತ್ತಿರುವುದು ಹೊಲ, ಬೋರೆ, ಗೋಮಾಳಗಳಲ್ಲಿ. ಅಂದರೆ ನಮ್ಮ ನಡುವೆ!

ಒಂದು ಕಾಲಕ್ಕೆ ಇವುಗಳ ಊಟ ಕೃಷ್ಣಮೃಗ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ನೆಲದಲ್ಲಿ ಹುಲ್ಲುಗಾವಲೇ ಸಹಜ ಕಾಡು. ಹುಲ್ಲು ಹೊಲವಾಯಿತು, ಹೊಲ ಲೇಔಟ್ ಆಯಿತು. ಗಡಿಯಂಚಿನ ಮೈದನಹಳ್ಳಿಯಲ್ಲಿ, ಮಧುಗಿರಿ ತಾಲ್ಲೂಕಿನ ಜಯಮಂಗಲಿ ಸಂರಕ್ಷಣಾ ಮೀಸಲಿನ 798 ಎಕರೆಯಲ್ಲಿ, ಕೃಷ್ಣಮೃಗದ ಹಿಂಡು ಇನ್ನೂ ಜಿಗಿಯುತ್ತದೆ. ಉಳಿದ ಕಡೆ ತೋಳದ ಮುಂದೆ ಉಳಿದದ್ದು ಮೊಲ, ಇಲಿ, ಮತ್ತೆ ನಮ್ಮ ಕುರಿ, ಮೇಕೆ. ಎಂದ ಮೇಲೆ ಸಾವಿರಾರು ವರ್ಷಗಳಿಂದ ಈ ಬಯಲಿನ ಕುರುಬರು, ಕಾಡುಗೊಲ್ಲರು ಮಂದೆಯನ್ನು ಉಳಿಸಿಕೊಂಡು ಬಂದದ್ದು ಹೇಗೆ?

ಉತ್ತರ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ ಇದೆ. ಸಂಜೆ ಮಂದೆ ಹಟ್ಟಿಗೆ ಬಂದಾಗ ಸುಮ್ಮನೆ ನಿಂತು ನೋಡಿ, ಒಂದು ವಿಜ್ಞಾನದ ಪಾಠವೇ ಕಣ್ಣೆದುರು ತೆರೆದುಕೊಳ್ಳುತ್ತದೆ! ಸುತ್ತ ಕಾರೆ, ಜಾಲಿಯ ಮುಳ್ಳುಬೇಲಿ, ಮುಳ್ಳಿನ ತುದಿ ಹೊರಕ್ಕೆ. ಮರಿಗಳು ಬೇರೆ, ಬಿದಿರಿನ ಮಂಕರಿಯ ಕೆಳಗೆ. ರೈತನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ ರಾತ್ರಿ ಬೇಲಿಯ ಬದಲು ಬಲೆ, ಬಲೆಯ ನಾಲ್ಕು ಮೂಲೆಗೆ ಕಂಬಳಿ ಹೊದ್ದ ಮನುಷ್ಯ, ನಡುವೆ ನಾಯಿ. ಗಬ್ಬದ ಕುರಿ, ಕುಂಟುವ ಕುರಿ ಹಿಂದೆ ಬೀಳದಂತೆ ಸಂಜೆ ತಲೆಯೆಣಿಕೆ. ಗುಂಡಿಲ್ಲ, ವಿಷವಿಲ್ಲ. ಆಗಾಗ ಒಂದು ಮರಿ ಹೋಗುತ್ತದೆ. ಆದರೆ ಮಂದೆ ಉಳಿಯುತ್ತದೆ.

ಈಗ ಸಾಗರ ದಾಟಿ ನೋಡೋಣ. ಬೆರಗು ಇನ್ನೂ ದೊಡ್ಡದಿದೆ! ಅಮೆರಿಕನ್ನರು ತಮ್ಮ ದೇಶದ ಬಹುಪಾಲು ಪ್ರದೇಶದಲ್ಲಿ ತೋಳದ ಸಂತತಿಯನ್ನೇ ಅಳಿಸಿಹಾಕಿದರು. ಖಾಲಿಯಾದ ಜಾಗಕ್ಕೆ ಬಂದದ್ದು ಕಯೋಟಿ. ನಮ್ಮ ನರಿಗಿಂತ ದೊಡ್ಡದು, ಬೂದು ತೋಳಕ್ಕಿಂತ ಚಿಕ್ಕದು. ಅದಕ್ಕೂ ಗುಂಡು, ಬೋನು, ವಿಷ ಎಲ್ಲ ಆಯಿತು, ದಶಕಗಟ್ಟಲೆ. ಫಲ? ಪಶ್ಚಿಮದ ಬಯಲಿನಲ್ಲಿದ್ದ ಪ್ರಾಣಿ ಅಟ್ಲಾಂಟಿಕ್ ತೀರ ಮುಟ್ಟಿತು, ಅಲಾಸ್ಕಕ್ಕೆ ಏರಿತು, ಪನಾಮಕ್ಕೆ ಇಳಿಯಿತು! ಇವತ್ತು ಕ್ಯಾಲಿಫೋರ್ನಿಯದಲ್ಲೋ ಟೆಕ್ಸಾಸಿನಲ್ಲೋ ಮನೆ ಮಾಡಿರುವ ನಮ್ಮವರು ಹಿತ್ತಲಿಗೆ ಬೆಕ್ಕು ಬಿಡುವ ಮೊದಲು ಬೇಲಿಯಾಚೆ ಕಣ್ಣು ಹಾಯಿಸುತ್ತಾರೆ.

ಷಿಕಾಗೋದಲ್ಲಿ ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿ 2000ದಿಂದ ಈ ನಗರ ಕಯೋಟಿಗಳ ಬೆನ್ನು ಹತ್ತಿದ್ದಾರೆ, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಹಿಕ್ಕೆ ಹೆಕ್ಕಿ. ಹಿಕ್ಕೆ ಬಿಡಿಸಿ ನೋಡಿದರೆ ಏನಿತ್ತು ಗೊತ್ತೆ? ನೂರರಲ್ಲಿ 42ರಲ್ಲಿ ಇಲಿಯಂಥ ಸಣ್ಣ ದಂಶಕಗಳು, 23ರಲ್ಲಿ ಹಣ್ಣು, 22ರಲ್ಲಿ ಜಿಂಕೆ. ಬೆಕ್ಕು ಸಿಕ್ಕಿದ್ದು ನೂರಕ್ಕೆ ಒಂದರಷ್ಟರಲ್ಲಿ ಮಾತ್ರ! ಮನುಷ್ಯರ ಮಧ್ಯೆ ಈ ಕಯೋಟಿಗಳು ಹಗಲು ಬಿಟ್ಟು ಇರುಳಿಗೆ ಸರಿದುಕೊಂಡಿವೆ. ತಕರಾರು ಶುರುವಾಗುವುದು ಎಲ್ಲಿ ಎಂದು ನೋಡಿದರೆ, ಹೆಚ್ಚಾಗಿ ಯಾರೋ ಊಟ ಹಾಕಿದ ಕಡೆ. ಬೇಕೆಂದೇ ಹಾಕಿದ್ದು, ಇಲ್ಲವೆ ನಾಯಿಯ ತಟ್ಟೆಯಲ್ಲಿ ಬಿಟ್ಟದ್ದು, ತಿಪ್ಪೆಗೆ ಚೆಲ್ಲಿದ್ದು. ತಟ್ಟೆ ಒಳಗಿಡಿ, ರಾತ್ರಿ ಸಾಕುಪ್ರಾಣಿಯನ್ನು ಒಳಗೆ ಕರೆದುಕೊಳ್ಳಿ, ಎದುರಾದರೆ ಕೂಗಿ ಬೆದರಿಸಿ. ಅಮೆರಿಕದ ತಜ್ಞರು ನೀಡುವ ಸಲಹೆ ಇಷ್ಟೇ. ರೊಪ್ಪ ಕಟ್ಟಿದವರು ಇದನ್ನು ಕೇಳಿದರೆ ನಗುತ್ತಾರೆ!

ನಮ್ಮಲ್ಲಿ ಊರಿಗೆ ಬರುವ ಅತಿಥಿ ತೋಳವೊಂದೇ ಅಲ್ಲ. ಬಂಡೆಗುಡ್ಡಗಳ ಸಾಲಿನಲ್ಲಿ ಚಿರತೆ ಇದೆ. ರಾಯದುರ್ಗ, ಕಲ್ಯಾಣದುರ್ಗದ ಕಡೆ ಕರಡಿ ಬೀದಿಗೇ ಇಳಿಯುತ್ತದೆ. ಚಿರತೆಯ ಕತೆ ಕೇಳಿ. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳ ನಡುವೆ, ಕಾಡೇ ಇಲ್ಲದ ಕಡೆ, ವಿದ್ಯಾ ಅತ್ರೇಯ ತಂಡ ಕ್ಯಾಮೆರಾ ಇಟ್ಟಾಗ ನೂರು ಚದರ ಕಿಲೋಮೀಟರಿಗೆ ಸುಮಾರು 5 ಚಿರತೆ, ಅಷ್ಟೇ ಕತ್ತೆಕಿರುಬ ಸಿಕ್ಕವು! ಅಲ್ಲಿನ ಚಿರತೆಯ ಆಹಾರದಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ 39 ಪಾಲು ನಾಯಿ. ಊರಿನ ತಿಪ್ಪೆ ನಾಯಿಯನ್ನು ಸಾಕುತ್ತದೆ, ನಾಯಿ ಚಿರತೆಯನ್ನು ಸಾಕುತ್ತದೆ. ತಿಪ್ಪೆ ದೊಡ್ಡದಾದಷ್ಟೂ ಅತಿಥಿ ಖಾಯಂ.

ಹಿಡಿದು ದೂರ ಬಿಟ್ಟು ಬಂದರೆ ಆಗದೇ? ಊರಿನವರು ಮೊದಲು ಕೇಳುವುದೇ ಇದನ್ನು. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಮಾಡಿ ನೋಡಿದರು. 2001ರಿಂದ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು! ಗುರುತಿಲ್ಲದ ಜಾಗ, ಬೋನಿನ ಗಾಬರಿ, ಖಾಲಿ ಬಿದ್ದ ಹಳೆಯ ನೆಲೆಗೆ ಹೊಸ ಚಿರತೆ. ಎಲ್ಲ ಸೇರಿ ಕೆಲಸ ಕೆಟ್ಟಿತು.

ಹಾಗಾದರೆ ಕೆಲಸ ಮಾಡುವುದು ಯಾವುದು? ಬರುವ ಪ್ರಾಣಿಯ ದಾರಿ ತಿಳಿದು ಆ ದಾರಿ ಮುಚ್ಚುವುದು. ಚಿರತೆ ಮೇಲಿನಿಂದ ಬರುತ್ತದೆ. ಆರಡಿ ಗೋಡೆ ಅದಕ್ಕೆ ಲೆಕ್ಕವಲ್ಲ, ಕೊಟ್ಟಿಗೆಗೆ ಮಾಡು ಬೇಕೇ ಬೇಕು. ತೋಳ ಬೇಲಿಯ ಬುಡ ನೋಡುತ್ತದೆ, ಸಡಿಲ ಮಣ್ಣಿದ್ದರೆ ಕೆದರಿ ನುಗ್ಗುತ್ತದೆ. ಆದ್ದರಿಂದ ತಂತಿಬಲೆಯ ಅಂಚನ್ನು ಹೊರಮುಖವಾಗಿ ಮಡಿಸಿ ಮಣ್ಣಿನಡಿ ಹೂತು ಕಲ್ಲು ಪೇರಿಸಬೇಕು. ನರಿ ಸಂದಿ ಹುಡುಕುತ್ತದೆ, ಕೋಳಿಗೂಡಿಗೆ ಸಣ್ಣ ಕಣ್ಣಿನ ಗಟ್ಟಿ ಬಲೆಯೇ ಆಗಬೇಕು. ಕರಡಿ ಬರುವುದು ಸೀತಾಫಲಕ್ಕೆ, ಜೇನಿಗೆ, ಗುಡಿಯ ದೀಪದೆಣ್ಣೆಗೆ. ಆಹಾರ ಎತ್ತಿಟ್ಟರೆ ಅದರ ದಾರಿಯೂ ಬದಲಾಗುತ್ತದೆ. ಇನ್ನೊಂದು ಮಾತು ನೆನಪಿಡಿ. ಕಿಷ್ಕಿಂಧೆಯಂಥ ದೊಡ್ಡಿಯೊಳಗೆ ತೋಳವೋ ಚಿರತೆಯೋ ಒಮ್ಮೆ ನುಗ್ಗಿದರೆ ಓಡಲಾರದ ಕುರಿಗಳು ಒಂದೇ ರಾತ್ರಿ ಹತ್ತಾರು ಸಾಯಬಹುದು. ಅರೆಬರೆ ಬೇಲಿ ಬೇಲಿಯಿಲ್ಲದ್ದಕ್ಕಿಂತ ಅಪಾಯ.

ಇನ್ನು ನಾಯಿ. ರಾತ್ರಿ ಅಂಗಳದಲ್ಲಿ ಸರಪಳಿ ಬಿಗಿದ ನಾಯಿ ಕಾವಲುಗಾರನಲ್ಲ, ಚಿರತೆಗೆ ಬಡಿಸಿಟ್ಟ ಊಟ. ಅದು ಓಡಲಾರದು, ಕಾದಾಡಲಾರದು. ಒಳಗೆ ಮಲಗಿಸಿ, ಇಲ್ಲವೆ ಮಾಡಿರುವ ಗೂಡು ಕೊಡಿ. ಬೆಕ್ಕಿಗೂ ಇದೇ ನಿಯಮ. ಮುಸ್ಸಂಜೆ, ನಸುಕಿನಲ್ಲಿ ಪುಟ್ಟ ನಾಯಿಯನ್ನು ಬಯಲಿಗೆ ಕರೆದೊಯ್ಯುವುದಾದರೆ ಹಗ್ಗ ಕೈಯಲ್ಲಿರಲಿ, ಟಾರ್ಚ್ ಉರಿಯುತ್ತಿರಲಿ.

ನಾಯಿಯ ಮೇಲೆ ಕನ್ನಡಿಗರ ಮಮತೆ ಎಂಥದ್ದು ಎಂಬುದಕ್ಕೆ ಕಲ್ಲೇ ಸಾಕ್ಷಿ! ಮದ್ದೂರು ಸೀಮೆಯ ಆತಕೂರಿನ ಶಾಸನ, ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಾಗ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನೆಲವನ್ನು ದತ್ತಿ ಬಿಟ್ಟರು. ನಾಯಿಗೆ ವೀರಗಲ್ಲು ಹಾಕಿದ ನಾಡು ನಮ್ಮದು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಆದರೆ ಈ ಪ್ರೀತಿಗೆ ಇನ್ನೊಂದು ಮುಖವಿದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ತೋಳ ನಾಯಿಯನ್ನು ತಿನ್ನಬಹುದು. ನಾಯಿಗಳು ತೋಳದ ಕುಲವನ್ನೇ ತಿಂದುಹಾಕಬಹುದು! ಲಸಿಕೆ ಕಾಣದ ನಾಯಿಯಿಂದ ರೇಬಿಸ್, ಡಿಸ್ಟೆಂಪರ್ ತೋಳಕ್ಕೆ ದಾಟುತ್ತವೆ. ಜೊತೆಗೆ, ತೋಳ ವಿರಳವಾದಲ್ಲಿ ಅದು ನಾಯಿಯೊಂದಿಗೇ ಕೂಡುತ್ತದೆ. ಪುಣೆಯ ಹುಲ್ಲುಗಾವಲಿನಲ್ಲಿ ಕಂದುಹಳದಿ ಬಣ್ಣದ ವಿಚಿತ್ರ ತೋಳವೊಂದು ಕಣ್ಣಿಗೆ ಬಿತ್ತು. 2023ರಲ್ಲಿ ವಂಶವಾಹಿ ಪರೀಕ್ಷೆ ಅದು ತೋಳ–ನಾಯಿಯ ಬೆರಕೆ ಎಂದು ಖಚಿತಪಡಿಸಿತು. ಜಗತ್ತಿನ ಅತಿ ಹಳೆಯ ಕವಲು ಹೀಗೆ ಸದ್ದಿಲ್ಲದೆ ಕರಗಬಹುದು. ನಿಮ್ಮ ನಾಯಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಹೊತ್ತಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ನೀವು ಕಾಪಾಡಿದ್ದು ಒಂದು ನಾಯಿಯನ್ನಷ್ಟೇ ಅಲ್ಲ.

ಬೆರಗಿನ ಭರದಲ್ಲಿ ಅಪಾಯ ಮರೆಯುವಂತಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್‌ನಲ್ಲಿ ತೋಳದ ದಾಳಿಗೆ ಪುಟ್ಟ ಮಕ್ಕಳು ಬಲಿಯಾದರು. ಇಂಥದ್ದು ಅಪರೂಪ, ಆದರೆ ಆಗುತ್ತದೆ. ಬೇಸಿಗೆಯ ಸೆಕೆಗೆ ಬಾಗಿಲು ತೆರೆದು, ಜಗಲಿಯ ಮೇಲೆ ಮಕ್ಕಳನ್ನು ಒಂಟಿಯಾಗಿ ಮಲಗಿಸಬೇಡಿ. ಪ್ರಾಣಿ ಎದುರಾದರೆ ಬೆನ್ನು ತೋರಿಸಿ ಓಡಬೇಡಿ. ಮಗುವನ್ನು ಎತ್ತಿಕೊಳ್ಳಿ, ತೋಳವೋ ನರಿಯೋ ಆದರೆ ನೆಟ್ಟಗೆ ನಿಂತು ಕೈಯೆತ್ತಿ ಜೋರಾಗಿ ಕೂಗಿ, ಮೆಲ್ಲಗೆ ಹಿಂದೆ ಸರಿಯಿರಿ. ಕರಡಿಗೆ, ಚಿರತೆಗೆ ಸುತ್ತುವರಿದು ಕಲ್ಲು ಹೊಡೆಯುವ ಹುಚ್ಚು ಮಾತ್ರ ಬೇಡ. ಗುಂಪು ಅಟ್ಟಿಸಿಕೊಂಡು ಹೋದಾಗ ಅವು ತಿರುಗಿ ಬೀಳಬಹುದು. ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಕುರಿ ಸತ್ತಿದ್ದರೆ ಕಳೇಬರವನ್ನು ಎಳೆದಾಡದೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಂದ ಪತ್ರ ಪಡೆದು ಪರಿಹಾರಕ್ಕೆ ಅರ್ಜಿ ಹಾಕಿ. ಕರ್ನಾಟಕದಲ್ಲಾದರೆ ಸಹಾಯವಾಣಿ 1926. ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಬೆರೆಸಬೇಡಿ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕೊಂದವರು ಜೈಲಿಗೆ ಹೋಗುತ್ತಾರೆ. ಕಾಯ್ದೆ ಹಾಗಿರಲಿ, ಆ ವಿಷಕ್ಕೆ ಮೊದಲು ಬಲಿಯಾಗುವುದು ನಿಮ್ಮದೇ ನಾಯಿ ಇರಬಹುದು.

ಗುಂಡು ಹೊಡೆದ ಅಮೆರಿಕದಲ್ಲಿ ಕಯೋಟಿ ಖಂಡದ ಉದ್ದಗಲಕ್ಕೂ ಹಬ್ಬಿತು. ಹಿಡಿದು ಸಾಗಿಸಿದ ಜುನ್ನರ್‌ನಲ್ಲಿ ದಾಳಿ ನಾಲ್ಕು ಪಟ್ಟಾಯಿತು. ಸಂಜೆ ಬೇಲಿ ಬಿಗಿದ ಹಟ್ಟಿಗಳಲ್ಲಿ ಕುರಿಯೂ ಉಳಿಯಿತು, ತೋಳವೂ ಉಳಿಯಿತು. ಇವತ್ತು ಕತ್ತಲಾಗುವ ಮೊದಲು ನಿಮ್ಮ ಕೊಟ್ಟಿಗೆಯ ಮಾಡು, ಬೇಲಿಯ ಬುಡ, ನಾಯಿಯ ತಟ್ಟೆ, ಈ ಮೂರನ್ನು ಒಮ್ಮೆ ನೋಡಿಬನ್ನಿ.